ಚರ್ಚಿನಿಂದ ನೇರ ಜಂಕನೂಗೆ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಹಾಮಾಸ್ ಪ್ರವಾಸದ ಲೇಖನ ಓದಿದೆ. ಕಡಲು, ಕ್ಯಾಸಿನೊ, ಜಂಕನೂ ಎಂಬ ಬೀದಿ ಮೆರವಣಿಗೆಯ ಕುಣಿತ ಎಲ್ಲ ಚೆನ್ನಾಗಿ ಬಂದಿದೆ. ಆದರೆ ಅಲ್ಲಿನವರಿಗೆ ಮೋಜು ಜಾಸ್ತಿ, ದೇವರ ಚಿಂತೆ ಕಡಿಮೆ ಎಂಬ ಮಾತು ಓದಿ ಸುಮ್ನೆ ಇರಲು ಆಗಲಿಲ್ಲ. ನಾನು 2014ರಿಂದ ಏಳು ವರ್ಷ ಅಲ್ಲಿನ ರಾಜಧಾನಿ ನಸ್ಸೌನಲ್ಲಿ ನರ್ಸ್ ಆಗಿದ್ದವಳು.

ನಾನಿದ್ದ ಮನೆಯ ಒಡತಿಗೆ ಆಗಲೇ ಎಪ್ಪತ್ತು ದಾಟಿತ್ತು. ಮೊದಲ ವರ್ಷ ಡಿಸೆಂಬರ್ 31ರ ರಾತ್ರಿ ನನ್ನನ್ನೂ ಚರ್ಚಿಗೆ ಕರೆದುಕೊಂಡು ಹೋದರು. ಅದನ್ನು ವಾಚ್ ನೈಟ್ ಅನ್ನುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಉಡುಪು, ತಲೆಗೆ ಬಿಳಿ ಟೋಪಿ, ಕೈಯಲ್ಲಿ ಬೀಸಣಿಗೆ. ಹನ್ನೆರಡು ಹೊಡೆಯುವ ಹೊತ್ತಿಗೆ ಎಲ್ಲರೂ ಮಂಡಿಯೂರಿದ್ದರು. ಆ ವರ್ಷ ತೀರಿಕೊಂಡ ತಮ್ಮವರ ಹೆಸರುಗಳನ್ನು ಮನೆಯೊಡತಿ ಒಂದೊಂದಾಗಿ ಪಿಸುಗುಟ್ಟುತ್ತಿದ್ದರು. ಇನ್ನು ಮನೆಗೆ ಹೋಗಿ ಮಲಗುತ್ತಾರೆ ಅಂದುಕೊಂಡೆ. ಇಲ್ಲ! ಕಾರಿನಲ್ಲೇ ಶೂ ಬದಲಾಯಿಸಿ ನೇರ ಜಂಕನೂ ನಡೆಯುವ ಬೇ ಸ್ಟ್ರೀಟಿಗೆ ಹೊರಟರು. ಅಲ್ಲಿ ಹುಡುಗರು ಮೇಕೆ ಚರ್ಮದ ಡ್ರಮ್ಮುಗಳನ್ನು ಬೆಂಕಿಗೆ ಹಿಡಿದು ಬಿಗಿ ಮಾಡುತ್ತಿದ್ದರು. ಕೌಬೆಲ್ ಗಂಟೆ ಹಿಡಿದು ನಿಂತವರಲ್ಲಿ ಒಬ್ಬ ಅದೇ ಚರ್ಚಿನಲ್ಲಿ ಹಾಡುವ ಹುಡುಗ. ಇವರನ್ನು ಕಂಡವನೇ ಬಗ್ಗಿ ಕೆನ್ನೆಗೆ ಮುತ್ತಿಟ್ಟ.

ಭಕ್ತಿ ಒಂದು ಕಡೆ, ಕುಣಿತ ಒಂದು ಕಡೆ ಅಂತ ಅಲ್ಲಿ ಬೇರೆ ಮಾಡಲು ಬರುವುದಿಲ್ಲ. ಗುಲಾಮರಿಗೆ ಕ್ರಿಸ್‌ಮಸ್ ಸಮಯದಲ್ಲಿ ಸಿಗುತ್ತಿದ್ದ ಬಿಡುವಿನಲ್ಲೇ ಜಂಕನೂ ಬೆಳೆದಿದ್ದು. ಚರ್ಚೂ ಹಾಗೇ ಅವರೇ ಕಟ್ಟಿಕೊಂಡಿದ್ದು. ನಸ್ಸೌನ ಬೆತೆಲ್ ಬ್ಯಾಪ್ಟಿಸ್ಟ್ ಚರ್ಚನ್ನು 1790ರಲ್ಲಿ ಶುರು ಮಾಡಿದವರಲ್ಲಿ ಒಬ್ಬರು ಪ್ರಿನ್ಸ್ ವಿಲಿಯಮ್ಸ್. ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ಕಪ್ಪು ಮನುಷ್ಯ. ಅಲ್ಲಿ ಗುಲಾಮಗಿರಿ ರದ್ದಾಗಿದ್ದು 1834ರಲ್ಲಿ. ಅಂದರೆ ಅದಕ್ಕೂ 44 ವರ್ಷ ಮೊದಲೇ, ತಮ್ಮದು ಅಂತ ಹೇಳಿಕೊಳ್ಳಲು ಆ ಜನಕ್ಕೆ ಒಂದು ಜಾಗ ಇತ್ತು. ಇವತ್ತಿಗೂ ದೇಶದಲ್ಲಿ ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರೇ ಜಾಸ್ತಿ. 1973ರ ಸಂವಿಧಾನದ ಪೀಠಿಕೆಯಲ್ಲೂ ಕ್ರೈಸ್ತ ಮೌಲ್ಯಗಳ ಮಾತಿದೆ.

2019ರ ಸೆಪ್ಟೆಂಬರ್‌ನಲ್ಲಿ ಡೋರಿಯನ್ ಚಂಡಮಾರುತ ಬಂತು. ಅಬಾಕೊ ದ್ವೀಪದಿಂದ ಸಾವಿರಾರು ಜನ ಉಟ್ಟ ಬಟ್ಟೆಯಲ್ಲೇ ನಸ್ಸೌಗೆ ಬಂದರು. ನಮ್ಮ ಬೀದಿಯ ಚರ್ಚಿನ ಹಿಂದಿನ ಸಭಾಂಗಣದಲ್ಲಿ ಮನೆಯೊಡತಿ ಮಕ್ಕಳ ಪಾದವನ್ನು ಹಳೆ ಕಾಗದದ ಮೇಲೆ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು, ಶೂ ಅಳತೆಗೆ. ಆ ಕಾಗದಗಳನ್ನು ಹಿಡಿದು ನಾವು ಮನೆಮನೆ ತಿರುಗಿದೆವು.

ಎಲ್ಲವೂ ನನಗೆ ಒಪ್ಪಿಗೆ ಅಂತಲ್ಲ. ಬಹಾಮಾಸ್‌ನ ಮಹಿಳೆ ವಿದೇಶಿ ಗಂಡನಿಂದ ವಿದೇಶದಲ್ಲಿ ಹೆತ್ತ ಮಗುವಿಗೂ ಪೌರತ್ವ ಸಿಗಲಿ ಎಂಬುದು 2016ರ ಜನಮತಗಣನೆಗೆ ಇಟ್ಟ ಸುಧಾರಣೆಗಳಲ್ಲಿ ಒಂದು. ಅದು ಸೋತಿತು. ಆ ಸುಧಾರಣೆಗಳ ವಿರುದ್ಧ ಮಾತಾಡಿದವರಲ್ಲಿ ಕೆಲವು ಪಾದ್ರಿಗಳೂ ಇದ್ದರು. ನನಗೆ ತುಂಬಾ ಬೇಸರವಾಗಿತ್ತು. ಮನೆಯೊಡತಿಯಂತೂ ಚರ್ಚಿನ ಮೆಟ್ಟಿಲ ಮೇಲೇ ತಮ್ಮ ಪಾದ್ರಿಯ ಹತ್ತಿರ ಜೋರಾಗಿ ವಾದ ಮಾಡಿದರು. ಮುಂದಿನ ಭಾನುವಾರ ಅದೇ ಬೆಂಚಿನಲ್ಲಿ ಹೋಗಿ ಕೂತರು. ಚರ್ಚು ಅವರದೂ ಹೌದು, ಅಲ್ವಾ?

ನಿಮ್ಮ ಲೇಖಕರು ಇನ್ನೊಮ್ಮೆ ನಸ್ಸೌಗೆ ಹೋದರೆ ಭಾನುವಾರ ಬೆಳಿಗ್ಗೆ ಬಂದರಿನಿಂದ ಗುಡ್ಡ ದಾಟಿ ಗ್ರಾಂಟ್ಸ್ ಟೌನ್ ಕಡೆ ನಡೆದು ಹೋಗಲಿ. ಹಾಡು ಕೇಳಿಸಿದ ಕಡೆ ಒಳಗೆ ಹೋಗಲಿ. ಕೂರಲು ಯಾರಾದರೂ ಸರಿದು ಜಾಗ ಕೊಡುತ್ತಾರೆ.

— ಒಬ್ಬ ನಿವೃತ್ತ ನರ್ಸ್