ಎರಡು ಆನೆ, ಒಂದು ರಾಣಿ: ಉತ್ತರದ ಜೊತೆ ಕಾರಣವನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಚದುರಂಗದ ಸಮಸ್ಯೆಗೆ ಕೊಟ್ಟ ಉತ್ತರವೇ ತಪ್ಪು ಎಂದು ಮಧುಗಿರಿಯ ಓದುಗರೊಬ್ಬರು ಈ ಅಂಕಣಕ್ಕೆ ಬರೆದಿದ್ದರು. ಉತ್ತರ ಸರಿಯಾಗಿಯೇ ಇದೆ. ಆದರೆ ‘ಜಿ1ಕ್ಕೆ ಬಂದ ಆನೆಯನ್ನು ಕಪ್ಪು ರಾಣಿ ಆಮೇಲೆ ಹೊಡೆಯಬಹುದಲ್ಲ’ ಎಂದು ಅವರು ಕೇಳಿದ ಪ್ರಶ್ನೆಯೂ ಅಷ್ಟೇ ಸರಿಯಾದದ್ದು. ‘ಆನೆ ಜಿ1, ಚೆಕ್. ಬಿಳಿಗೆ ಗೆಲುವು’ ಎಂದು ಒಂದೇ ಸಾಲು ಹಾಕಿ ಬಿಟ್ಟರೆ, ಬೋರ್ಡ್ ಮುಂದೆ ಕೂತು ಯೋಚಿಸುವ ಯಾರಿಗಾದರೂ ಆ ಅನುಮಾನ ಬಂದೇ ಬರುತ್ತದೆ. ನೀವು ಅವರ ಪತ್ರ ಹಾಕಿದಿರಿ, ಅದಕ್ಕೆ ಉತ್ತರ ಹಾಕಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಮಸ್ಯೆ ನೋಡದವರಿಗೆ ಮೊದಲು ಕಾಯಿಗಳ ಜಾಗ ಹೇಳುತ್ತೇನೆ. ಮನೆಯಲ್ಲಿ ಬೋರ್ಡ್ ಇದ್ದರೆ ಜೋಡಿಸಿಕೊಳ್ಳಿ. ಅಕ್ಷರ ಎಂದರೆ ಬಿಳಿಯ ಎಡದಿಂದ ಬಲಕ್ಕೆ ಎಣಿಸುವ ಉದ್ದ ಸಾಲು (ಎ, ಬಿ, ಸಿ... ಎಚ್), ಅಂಕಿ ಎಂದರೆ ಆ ಸಾಲಿನಲ್ಲಿ ಬಿಳಿಯ ಕಡೆಯಿಂದ ಎಷ್ಟನೇ ಮನೆ ಎಂಬುದು. ಬಿಳಿ ರಾಜ ಸಿ7ರಲ್ಲಿ. ಬಿಳಿಯ ಒಂದು ಆನೆ ಎ1ರಲ್ಲಿ, ಇನ್ನೊಂದು ಎಫ್2ರಲ್ಲಿ. ಕಪ್ಪು ರಾಜ ಜಿ5ರಲ್ಲಿ, ಕಪ್ಪು ರಾಣಿ ಡಿ4ರಲ್ಲಿ. ಅಷ್ಟೇ, ಒಟ್ಟು ಐದು ಕಾಯಿ. ಪದಾತಿ ಒಂದೂ ಇಲ್ಲ. ನಡೆ ಬಿಳಿಯದು, ಗೆಲ್ಲಬೇಕು.

ನೋಡಿದ ತಕ್ಷಣ ಬಿಳಿಯ ಕಥೆ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಡಿ4ರಲ್ಲಿ ಕೂತ ರಾಣಿ ಒಂದು ಮೂಲೆಗೆರೆಯಲ್ಲಿ ಎ1ರ ಆನೆಯ ಮೇಲೆ ಕಣ್ಣಿಟ್ಟಿದ್ದಾಳೆ, ಇನ್ನೊಂದರಲ್ಲಿ ಎಫ್2ರ ಆನೆಯ ಮೇಲೆ. ಎರಡಕ್ಕೂ ಕಾವಲಿಲ್ಲ. ಒಂದನ್ನು ಸರಿಸಿದರೆ ಇನ್ನೊಂದು ಹೋಗುತ್ತದೆ. ಎ1ರ ಆನೆಯನ್ನು ಎಫ್1ಕ್ಕೆ ತಂದರೆ ಎರಡೂ ಒಂದಕ್ಕೊಂದು ಕಾವಲಾಗುತ್ತವೆ, ನಿಜ. ಆದರೆ ಅದು ಚೆಕ್ ಅಲ್ಲ, ಅಂದರೆ ಎದುರಾಳಿಯ ರಾಜನ ಮೇಲೆ ನೇರ ದಾಳಿ ಅಲ್ಲ. ರಾಣಿಗೆ ಒಂದು ನಡೆ ಸಿಕ್ಕಿತು. ಸಿ5ಕ್ಕೆ ಬಂದು ಚೆಕ್ ಕೊಡುತ್ತಾಳೆ. ಬಿಳಿ ರಾಜ ಬಯಲಲ್ಲಿ ನಿಂತಿದ್ದಾನೆ, ಮರೆಗೆ ಒಂದು ಪದಾತಿಯೂ ಇಲ್ಲ. ಅಲ್ಲಿಂದ ಆಟದ ಲಗಾಮು ರಾಣಿಯ ಕೈಯಲ್ಲಿ.

ಉತ್ತರ ಇರುವುದು ಎ1ರ ಆನೆಯನ್ನು ಜಿ1ಕ್ಕೆ ತಂದು ಚೆಕ್ ಕೊಡುವುದರಲ್ಲಿ. ಎಫ್ ಸಾಲನ್ನು ಎಫ್2ರ ಆನೆ ಕಟ್ಟಿಹಾಕಿದೆ, ಜಿ ಸಾಲನ್ನು ಈಗ ಜಿ1ರ ಆನೆ ಹಿಡಿಯಿತು. ಕಪ್ಪು ರಾಜನಿಗೆ ಉಳಿದದ್ದು ಎಚ್ ಸಾಲು ಮಾತ್ರ: ಎಚ್4, ಎಚ್5, ಎಚ್6. ಮುಂದಿನ ನಡೆಯಲ್ಲಿ ಎಫ್2ರ ಆನೆ ಎಚ್2ಕ್ಕೆ ಬಂದು ಮತ್ತೆ ಚೆಕ್.

ಮಧುಗಿರಿಯವರ ಆಕ್ಷೇಪ ಇರುವುದು ಇಲ್ಲೇ. ಎಫ್2ರ ಆನೆ ಅಲ್ಲಿರುವವರೆಗೆ ರಾಣಿಗೂ ಜಿ1ಕ್ಕೂ ನಡುವೆ ಅದು ಅಡ್ಡ ಇತ್ತು. ಅದು ಎಚ್2ಕ್ಕೆ ಹೋದ ಕ್ಷಣವೇ ಡಿ4, ಇ3, ಎಫ್2, ಜಿ1, ಇಡೀ ಗೆರೆ ಖಾಲಿ. ರಾಣಿ ಹೋಗಿ ಜಿ1ರ ಆನೆಯನ್ನು ಹೊಡೆಯಬಹುದಲ್ಲ ಎನ್ನುತ್ತಾರೆ ಅವರು. ಗೆರೆ ಖಾಲಿ ಇದೆ, ಆನೆಗೆ ಕಾವಲೂ ಇಲ್ಲ. ಆದರೆ ರಾಣಿಗೆ ಹೊಡೆಯುವ ಅಧಿಕಾರವಿಲ್ಲ. ಕಪ್ಪು ರಾಜ ಆಗ ಚೆಕ್‌ನಲ್ಲಿದ್ದಾನೆ, ಚೆಕ್ ಕೊಟ್ಟದ್ದು ಎಚ್2ರ ಆನೆ. ಚೆಕ್ ಬಿದ್ದಾಗ ಮೂರೇ ದಾರಿ: ರಾಜ ಜರುಗಬೇಕು, ಇಲ್ಲವೇ ನಡುವೆ ಯಾರಾದರೂ ಅಡ್ಡ ಬರಬೇಕು, ಇಲ್ಲವೇ ಚೆಕ್ ಕೊಟ್ಟ ಕಾಯಿಯನ್ನೇ ಹೊಡೆಯಬೇಕು. ಜಿ1ರ ಆನೆಯನ್ನು ಹೊಡೆದರೆ ಈ ಮೂರರಲ್ಲಿ ಒಂದೂ ಆಗುವುದಿಲ್ಲ. ಬಾಗಿಲು ತೆರೆದಿದೆ, ಒಳಗೆ ಹೋಗಲು ಹೊತ್ತಿಲ್ಲ. ಈ ಸಮಸ್ಯೆಯ ಚೆಲುವೆಲ್ಲ ಇಲ್ಲಿದೆ. ಒಂದೇ ಸಾಲಿನ ಉತ್ತರದಲ್ಲಿ ಕಾಣದೇ ಹೋದದ್ದೂ ಇದೇ.

ಉಳಿದದ್ದು ಬೇಗ ಮುಗಿಯುತ್ತದೆ. ರಾಜ ಎಚ್4ಕ್ಕೆ ಹೋದರೆ ಆನೆ ಎಚ್2, ಅಲ್ಲಿಗೇ ಚೆಕ್‌ಮೇಟ್. ನಡುವೆ ಇರುವ ಒಂದೇ ಮನೆ ಎಚ್3, ಅಲ್ಲಿಗೆ ರಾಣಿ ಬರಲಾರಳು. ಎಚ್6ಕ್ಕೆ ಹೋದರೆ ರಾಣಿ ಎಚ್4ಕ್ಕೆ ಬಂದು ಅಡ್ಡ ನಿಲ್ಲಬಹುದು. ಆನೆ ಅವಳನ್ನು ಹೊಡೆಯುತ್ತದೆ, ಅದೇ ಚೆಕ್‌ಮೇಟ್. ಕಪ್ಪಿಗೆ ಇರುವುದರಲ್ಲಿ ಮೇಲು ಎಚ್5. ಆಗಲೂ ರಾಣಿ ಎಚ್4ಕ್ಕೆ ಬರಬೇಕು, ಆನೆ ಹೊಡೆಯುತ್ತದೆ, ಈ ಸಲ ರಾಜ ಆ ಆನೆಯನ್ನು ತಿನ್ನುತ್ತಾನೆ. ಮೊದಲ ಚೆಕ್‌ಗೇ ರಾಣಿ ಜಿ4ಕ್ಕೆ ಬಂದು ಅಡ್ಡ ನಿಂತರೂ ಹೀಗೇ: ಅವಳಿಗೆ ಒಂದು ಆನೆ ಬದಲಿ.

ಇಲ್ಲಿ ಅನೇಕರು ‘ರಾಣಿಯೂ ಹೋದಳು, ಆನೆಯೂ ಹೋಯಿತು, ಸರಿಗೆ ಸರಿ’ ಎಂದುಕೊಂಡು ಬಿಡುತ್ತಾರೆ. ಬದಲಾವಣೆ ಆದ ಮೇಲೆ ಬೋರ್ಡ್ ಮೇಲೆ ಏನು ಉಳಿಯಿತು ಎಂದು ನೋಡಬೇಕು. ಬಿಳಿಗೆ ಇನ್ನೊಂದು ಆನೆ ಹಾಗೇ ಇದೆ. ಕಪ್ಪಿಗೆ ಬರೀ ರಾಜ. ಒಂದು ಆನೆ ಮತ್ತು ರಾಜ ಸೇರಿದರೆ ಒಂಟಿ ರಾಜನನ್ನು ಎಷ್ಟೇ ಕಷ್ಟದ ಜಾಗದಲ್ಲಿದ್ದರೂ 16 ನಡೆಯೊಳಗೆ ಚೆಕ್‌ಮೇಟ್ ಮಾಡಬಹುದು. ಕಾಯಿ ಹೊಡೆಯದೆ, ಪದಾತಿ ಸರಿಸದೆ ಆಡಲು ನಿಯಮ ಕೊಡುವುದು 50 ನಡೆ, ಆಮೇಲೆ ಎದುರಾಳಿ ಡ್ರಾ ಕೇಳಬಹುದು. ಬೇಕಾದಷ್ಟು ಸಮಯ.

ಈ ‘ಏನು ಉಳಿಯಿತು’ ಎಂಬ ಲೆಕ್ಕ ಚಿಕ್ಕ ಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ ನಡೆಯಿತು. ಡ್ರಾ ಆಗುವ ಆಟ ಎಂದೇ ಎಲ್ಲರೂ ಅಂದುಕೊಂಡಿದ್ದರು. 55ನೇ ನಡೆಯಲ್ಲಿ ಚೀನಾದ ಡಿಂಗ್ ಲಿರೆನ್ ತಮ್ಮ ಆನೆಯನ್ನು ಎಫ್2ಕ್ಕೆ ತಂದರು. ಹೌದು, ನಮ್ಮ ಸಮಸ್ಯೆಯ ಆನೆ ನಿಂತಿರುವ ಅದೇ ಮನೆ. ಎದುರಿಗಿದ್ದ ನಮ್ಮ ದೇಶದ ಗುಕೇಶ್ ಮೊದಲು ಆನೆಗೆ ಆನೆ ಬದಲಿಸಿಕೊಂಡರು, ಆಮೇಲೆ ಒಂಟೆಗೆ ಒಂಟೆ. ಉಳಿದದ್ದು ರಾಜ ಮತ್ತು ಪದಾತಿಗಳು ಮಾತ್ರ. ಆ ಲೆಕ್ಕದಲ್ಲಿ ಗುಕೇಶ್ ಮುಂದಿದ್ದರು. 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು.

ನಾನು ಕ್ಯಾತ್ಸಂದ್ರದವಳು. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಮಂಡಿಯೊಂದರ ಲೆಕ್ಕ ಬರೆಯುತ್ತೇನೆ. ಬೆಳಗಿನ ರೈಲಿನಲ್ಲಿ ನಮ್ಮದೊಂದು ಗುಂಪಿದೆ. ಮಡಚುವ ಮ್ಯಾಗ್ನೆಟ್ ಬೋರ್ಡನ್ನು ತೊಡೆಯ ಮೇಲೆ ಬ್ಯಾಗ್ ಇಟ್ಟು ಅದರ ಮೇಲೆ ಹರಡುತ್ತೇವೆ. ಒಂದು ಕಪ್ಪು ಪದಾತಿ ಎಲ್ಲೋ ಬಿದ್ದುಹೋಗಿ, ಅದರ ಜಾಗದಲ್ಲಿ ಈಗ ಒಂದು ಕಬ್ಬಿಣದ ವಾಷರ್ ಇದೆ. ಚೆನ್ನಾಗಿಯೇ ಅಂಟಿಕೊಳ್ಳುತ್ತದೆ. ನಿಮ್ಮ ಸಮಸ್ಯೆಯನ್ನು ಅಲ್ಲಿಯೇ ಜೋಡಿಸಿದ್ದು. ಪಾಲಿಟೆಕ್ನಿಕ್ ಓದುವ ಒಬ್ಬ ಹುಡುಗ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಓಡಿಸುವ ಒಬ್ಬರು, ನಾನು. ಹಿರೇಹಳ್ಳಿ ದಾಟುವಷ್ಟರಲ್ಲಿ ಆನೆ ಜಿ1 ಸಿಕ್ಕಿತ್ತು. ಚಿಕ್ಕಬಾಣಾವರ ಬರುವ ತನಕ ನಡೆದದ್ದು ಬೇರೆಯೇ ಚರ್ಚೆ: ಇದು ಯಾಕೆ ಗೆಲ್ಲುತ್ತದೆ? ಹುಡುಗನೂ ಮಧುಗಿರಿಯವರ ಹಾಗೆಯೇ ರಾಣಿಯನ್ನು ಜಿ1ಕ್ಕೆ ಎಳೆದ. ಲೇತ್ ಓಡಿಸುವವರು ಅವನ ಕೈ ಹಿಡಿದು, ‘ನಿನ್ನ ರಾಜ ಎಲ್ಲಿದ್ದಾನೆ ನೋಡು’ ಅಂದರು. ಅವನು ನೋಡಿದ. ಅಷ್ಟು ಸಾಕಾಯಿತು. ಇನ್ನು ಅವನಿಗೆ ಈ ಪಾಠ ಮರೆಯುವುದಿಲ್ಲ.

ಆ ಹುಡುಗನಿಗೆ ಸಿಕ್ಕ ಆ ಒಂದು ಮಾತು ನಿಮ್ಮ ಪುಟದಲ್ಲೂ ಸಿಗಬೇಕು. ನಾನು ಕೇಳುತ್ತಿರುವುದು ಇಷ್ಟನ್ನೇ.

ಈಗ ಮೊಬೈಲ್ ಇದೆಯಲ್ಲ, ಅದರಲ್ಲಿ ಹಾಕಿ ನೋಡಿದರೆ ಆಯಿತು ಎಂದು ಯಾರಾದರೂ ಹೇಳಬಹುದು. ಏಳು ಕಾಯಿವರೆಗಿನ ಅಂತ್ಯದಾಟಗಳನ್ನೆಲ್ಲ ಕಂಪ್ಯೂಟರ್ ಪೂರ್ತಿ ಬಿಡಿಸಿಟ್ಟಿದೆ. ಇದು ಐದೇ ಕಾಯಿಯ ಆಟ. ಒತ್ತಿದ ತಕ್ಷಣ ಸರಿಯಾದ ನಡೆ ಬರುತ್ತದೆ. ಬರುವುದು ನಡೆ ಮಾತ್ರ. ಕಾರಣವನ್ನು ಅದು ಹೇಳುವುದಿಲ್ಲ. ಕಾರಣ ಗೊತ್ತಿಲ್ಲದ ನಡೆ ಮುಂದಿನ ಆಟದಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ. ಯಾಕೆಂದರೆ ಮುಂದಿನ ಆಟದಲ್ಲಿ ಕಾಯಿಗಳು ಒಂದು ಮನೆ ಆಚೀಚೆ ಇರುತ್ತವೆ.

ಅದಕ್ಕೆ ಒಂದು ಉದಾಹರಣೆ ಇದೇ ಸಮಸ್ಯೆಯಲ್ಲಿದೆ. ಕಪ್ಪು ರಾಜ ಜಿ5ರ ಬದಲು ಜಿ4ರಲ್ಲಿದ್ದಾನೆ ಎಂದುಕೊಳ್ಳಿ. ಉಳಿದದ್ದೆಲ್ಲ ಹಾಗೇ. ಈಗಲೂ ಆನೆ ಜಿ1, ಚೆಕ್. ಈ ಸಲ ರಾಜ ಎಚ್3ಕ್ಕೆ ಇಳಿಯುತ್ತಾನೆ. ಎಫ್2ರ ಆನೆ ಎಚ್2ಕ್ಕೆ ಬಂದರೆ ರಾಜನೇ ಅದನ್ನು ತಿನ್ನುತ್ತಾನೆ. ಅಲ್ಲೇ ನಿಂತರೆ ರಾಣಿ ಅದನ್ನು ಹೊಡೆಯುತ್ತಾಳೆ. ಒಂದು ಮನೆಯ ವ್ಯತ್ಯಾಸಕ್ಕೆ ಬಲೆಯೇ ಹರಿಯಿತು. ಆನೆ ದೂರದಿಂದ ಕೆಲಸ ಮಾಡುವ ಕಾಯಿ. ರಾಜ ಹತ್ತಿರ ಬಂದರೆ ಅದರ ಬಲ ಹೋಗುತ್ತದೆ. ಇದನ್ನು ತಿಳಿದವರು ಜಿ5 ಇದ್ದಾಗ ಯಾಕೆ ಗೆಲುವು, ಜಿ4 ಇದ್ದಾಗ ಯಾಕೆ ಆ ದಾರಿ ಇಲ್ಲ ಎಂದು ತಾವೇ ಹೇಳಬಲ್ಲರು. ಉತ್ತರ ಬಾಯಿಪಾಠ ಮಾಡಿದವರು ಎರಡೂ ಕಡೆ ಆನೆಯನ್ನು ಜಿ1ಕ್ಕೇ ತರುತ್ತಾರೆ.

ಎರಡು ಆನೆ ಒಂದು ರಾಣಿಗಿಂತ ಜಾಸ್ತಿಯೋ ಕಡಿಮೆಯೋ ಎಂಬ ಪ್ರಶ್ನೆಯನ್ನೂ ಒಮ್ಮೆ ಬಿಡಿಸಿ ಬರೆಯಿರಿ. ಆನೆಗೆ 5, ರಾಣಿಗೆ 9 ಎಂದು ಮಕ್ಕಳು ಕಲಿತಿರುತ್ತಾರೆ. ಕೂಡಿದರೆ 10, ಆನೆಗಳೇ ಮೇಲು ಅನ್ನುತ್ತಾರೆ. ಪದಾತಿಗಳಿಲ್ಲದ ಬೋರ್ಡಿನಲ್ಲಿ ಎರಡು ಆನೆಗೂ ರಾಣಿಗೂ ಸಾಮಾನ್ಯವಾಗಿ ಡ್ರಾ. ಗೆಲುವು ಇಂಥ ಒಂದು ಸಂದರ್ಭದಲ್ಲಿ ಮಾತ್ರ. ಪದಾತಿಗಳಿದ್ದಾಗ ಲೆಕ್ಕ ಬೇರೆ. ಎರಡು ಆನೆ ಒಂದೇ ಪದಾತಿಯ ಮೇಲೆ ಒಟ್ಟಿಗೆ ಬಿದ್ದರೆ ರಾಣಿ ಅದನ್ನು ಒಂದು ಸಲ ಮಾತ್ರ ಕಾಯಬಲ್ಲಳು. ರಾಜ ಕೈಜೋಡಿಸದಿದ್ದರೆ ಆ ಪದಾತಿ ಹೋದ ಹಾಗೇ. ಆನೆಗಳು ಚದುರಿದ್ದು, ತಮ್ಮ ರಾಜ ಬಯಲಲ್ಲಿದ್ದರೆ ಮಾತ್ರ ರಾಣಿ ಒಬ್ಬಳೇ ಎರಡನ್ನೂ ಆಟವಾಡಿಸುತ್ತಾಳೆ. ಅಂದಹಾಗೆ, ರಾಣಿಗೆ ಈ ಬಲ ಬಂದದ್ದು 15ನೇ ಶತಮಾನದ ಕೊನೆಯಲ್ಲಿ, ಯೂರೋಪಿನಲ್ಲಿ. ಅದಕ್ಕೂ ಮೊದಲು ಆ ಕಾಯಿ ಮೂಲೆಗೆ ಒಂದೇ ಮನೆ ನಡೆಯುತ್ತಿತ್ತು. ಬೋರ್ಡಿನ ದೊಡ್ಡ ಬಲ ಆನೆಯದೇ ಆಗಿತ್ತು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಇದನ್ನು ಕನ್ನಡದಲ್ಲಿ ಓದಿ ಕಲಿಯಲು ನಮ್ಮ ಕಡೆಯ ಮಕ್ಕಳಿಗೆ ಸಿಗುವುದು ಬಹಳ ಕಡಿಮೆ. ಬೆಂಗಳೂರಿನಲ್ಲಿ ಕೋಚಿಂಗ್ ಇದೆ. ಸಿರಾದಲ್ಲೋ ಪಾವಗಡದಲ್ಲೋ ಇರುವ ಒಂದು ಮಗುವಿಗೆ ಬೋರ್ಡ್ ಕೊಡಿಸಬಹುದು. ಅಂತ್ಯದಾಟ ಹೇಳಿಕೊಡುವವರು ಯಾರು? ಭಾನುವಾರ ಮನೆಗೆ ಬರುವ ಪೇಪರ್ ಆ ಕೆಲಸ ಮಾಡಬಹುದು. ಇದು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಸುತ್ತುವ ಬಂಧಗಳನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 19ನೇ ಶತಮಾನದಲ್ಲೇ ಕಟ್ಟಿದ್ದರು. ಆದರೂ ವಿಶ್ವನಾಥನ್ ಆನಂದ್ 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೇಲೆ ನಮ್ಮ ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್. ತುಮಕೂರು ಜಿಲ್ಲೆಯ ಮಕ್ಕಳಿಗೆ ಬುದ್ಧಿ ಕಡಿಮೆ ಇಲ್ಲ. ಹತ್ತಿರ ಕೂತು ‘ನಿನ್ನ ರಾಜ ಎಲ್ಲಿದ್ದಾನೆ ನೋಡು’ ಎಂದು ಹೇಳುವವರು ಕಡಿಮೆ.

ಜಾಗ ಇಲ್ಲ ಎನ್ನುತ್ತೀರಿ, ಗೊತ್ತು. ಐದಾರು ಸಾಲು ಸಾಕು. ಮೊದಲು ಕಣ್ಣಿಗೆ ಬೀಳುವ ನಡೆ ಯಾಕೆ ಸಾಲದು ಎಂದು ಒಂದೆರಡು ಸಾಲು. ಎದುರಾಳಿಯ ಒಳ್ಳೆಯ ಉತ್ತರ ಯಾವುದು, ಅದಾದ ಮೇಲೆ ಬೋರ್ಡಿನಲ್ಲಿ ಏನು ಉಳಿಯುತ್ತದೆ ಎಂದು ಇನ್ನೆರಡು. ಓದುಗರು ಅನುಮಾನ ಬರೆದು ಕಳಿಸಿದರೆ ಮುಂದಿನ ವಾರ ಅದಕ್ಕೊಂದು ಉತ್ತರ. ಪ್ರತಿ ವಾರ ಹೊಸ ಸಮಸ್ಯೆ ಕೊಡಲು ಆಗದಿದ್ದರೆ ಹದಿನೈದು ದಿನಕ್ಕೊಂದು ಕೊಡಿ, ಪರವಾಗಿಲ್ಲ. ಪೂರ್ತಿ ಬಿಡಿಸಿದ ಒಂದು ಸಮಸ್ಯೆ ಬರೀ ಉತ್ತರವಿರುವ ನಾಲ್ಕಕ್ಕಿಂತ ನಮಗೆ ಬೇಕಾದದ್ದು.

ಇನ್ನೊಂದು ವಿಷಯ. ಚಿತ್ರ ದೊಡ್ಡದಾಗಿ ಹಾಕಿ. ಅದರ ಕೆಳಗೆ ಕಾಯಿಗಳ ಜಾಗವನ್ನು ಅಕ್ಷರದಲ್ಲೂ ಬರೆಯಿರಿ. ಈ ಸಮಸ್ಯೆಯಲ್ಲಿ ಐದು ಕಾಯಿಗಳೂ ಕಪ್ಪು ಮನೆಗಳಲ್ಲೇ ಇದ್ದವು. ಕಪ್ಪು ರಾಜ, ಕಪ್ಪು ರಾಣಿ ಇಬ್ಬರೂ ಶಾಯಿಯಲ್ಲಿ ಕಲೆತುಹೋಗಿದ್ದರು. ರಾಣಿಯ ಕಿರೀಟ ಯಾವುದು, ರಾಜನ ಶಿಲುಬೆ ಯಾವುದು ಗೊತ್ತಾಗದೆ ನಾವು ಪೇಪರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕಾಯಿತು.

— ಓದುಗರು, ಕ್ಯಾತ್ಸಂದ್ರ, ತುಮಕೂರು