ವೈವಾ ಮುಗೀತು, ಎಲ್ರಿಗೂ ಥ್ಯಾಂಕ್ಸ್

ಅಂತೂ ಇಂತೂ ನನ್ನ ಪಿಎಚ್‌ಡಿ ವೈವಾ ಮುಗೀತು ಕಣ್ರೀ. ಟಾಪಿಕ್ ಅಮೆರಿಕಾದ ಫಸ್ಟ್ ಲೇಡಿಗಳ ದಿನಚರಿ, ಅತಿಥಿ ಸತ್ಕಾರ, ಬಂದ ಕಾಗದಕ್ಕೆಲ್ಲ ಉತ್ತರ ಬರಿಯೋದು, ಇಂಥವು. ರಿಜಿಸ್ಟರ್ ಮಾಡಿಸಿದಾಗ "ಪ್ರೆಸಿಡೆಂಟ್ ಹೆಂಡ್ತಿ ಊಟ ಹಾಕ್ಸಿದ್ದಕ್ಕೂ ಡಾಕ್ಟರೇಟಾ" ಅಂತ ನಕ್ಕವರೇ ಜಾಸ್ತಿ. ನಗದೇ ಇದ್ದವರಿಗೆ ಈ ಪೋಸ್ಟ್.

ಮೊದಲು ಗೈಡ್ ಮೇಡಂ. ಸಂಬಳ ಇಲ್ಲ, ಸಂವಿಧಾನದಲ್ಲಿ ಆ ಸ್ಥಾನದ ಹೆಸರೂ ಇಲ್ಲ, ಆದ್ರೂ ದಿನಾ ಮಾಡ್ಲೇಬೇಕು, ಅದನ್ನ ಡ್ಯೂಟಿ ಅಂತ ನೋಡು, ಗಾಸಿಪ್ ಥರ ಬರೆದ್ರೆ ನಾನು ಸೈನ್ ಹಾಕಲ್ಲ ಅಂತ ಶುರುವಲ್ಲೇ ಹೇಳ್ಬಿಟ್ರು. ಹಾಗೆ ನೋಡೋಕೆ ಶುರು ಮಾಡಿದ್ಮೇಲೆ ಪ್ರೆಸಿಡೆಂಟ್ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹೆಂಡ್ತಿ ಎಲೀನರ್ ರೂಸ್‌ವೆಲ್ಟ್ ಬೇರೆಯೇ ಕಂಡ್ರು. 1933 ಒಂದೇ ವರ್ಷ ಅವರಿಗೆ ಬಂದ ಕಾಗದ ಸುಮಾರು 3 ಲಕ್ಷ. ಜೊತೆಗೆ ಅವರ ಪ್ರೆಸ್ ಮೀಟ್‌ಗೆ ಹೆಣ್ಣು ರಿಪೋರ್ಟರ್‌ಗಳಿಗೆ ಮಾತ್ರ ಎಂಟ್ರಿ, ಹಾಗಾಗಿ ಸುದ್ದಿ ಬೇಕು ಅಂದ್ರೆ ಪೇಪರಿನವರು ಹೆಂಗಸರಿಗೆ ಕೆಲ್ಸ ಕೊಡ್ಲೇಬೇಕಿತ್ತು. ಆಮೇಲೆ ವಾರಕ್ಕೆ ಆರು ದಿನ ಅಂಕಣ ಬೇರೆ. ಆ ಅಂಕಣಗಳನ್ನೆಲ್ಲ ಹುಡುಕಿ ಹುಡುಕಿ ಕೊಟ್ಟ ನಮ್ಮ ಲೈಬ್ರರಿಯನ್ ಸಾರ್‌ಗೆ ದೊಡ್ಡ ನಮಸ್ಕಾರ.

ಇನ್ನು ನಮ್ಮತ್ತೆ. ನಿಜ ಹೇಳ್ತೀನಿ, ಥೀಸಿಸ್‌ನ ಅರ್ಧ ಕ್ರೆಡಿಟ್ ಅವರದ್ದೇ. ಹಿಂದೆ ಹೊಸ ವರ್ಷದ ದಿನ ವೈಟ್‌ಹೌಸ್ ಬಾಗ್ಲು ಜನಸಾಮಾನ್ಯರಿಗೂ ತೆಗೀತಿದ್ರು, 1932ರವರೆಗೂ ಇತ್ತು ಈ ಪದ್ಧತಿ, ಸಾವಿರಗಟ್ಲೆ ಜನ ಕ್ಯೂ ನಿಂತು ಒಬ್ಬೊಬ್ರೇ ಬಂದು ಕೈ ಕುಲುಕೋರು, ಈಡಿತ್ ರೂಸ್‌ವೆಲ್ಟ್ (ಪ್ರೆಸಿಡೆಂಟ್ ಥಿಯೋಡರ್ ರೂಸ್‌ವೆಲ್ಟ್ ಹೆಂಡ್ತಿ; ಅತಿಥಿಗಳು, ಔತಣ, ಕಾಗದದ ವ್ಯವಸ್ಥೆ ನೋಡ್ಕೊಳ್ಳೋಕೆ 1901ರಲ್ಲಿ ಸೋಶಿಯಲ್ ಸೆಕ್ರೆಟರಿ ಅಂತ ಮೊದಲು ಇಟ್ಕೊಂಡವರೂ ಇವರೇ) ಕೈಯಲ್ಲಿ ಹೂವಿನ ಗೊಂಚಲು ಹಿಡ್ಕೊಂಡು ನಿಂತ್ಬಿಡೋರು, ಕೈ ಖಾಲಿ ಇದ್ರೆ ತಾನೇ ಕುಲುಕೋದು! ಇದನ್ನ ಹೇಳಿದ್ರೆ ಅತ್ತೆ "ಜಾಣೆ ಬಿಡು, ನಿಮ್ಮ ರಿಸೆಪ್ಷನ್‌ನಲ್ಲಿ ನಾನು ತಾಂಬೂಲದ ತಟ್ಟೆ ಕೆಳಗಿಟ್ನಾ?" ಅಂದ್ರು. ಆಮೇಲೆ ಅವರೇ ಕೇಳಿದ್ದು, "ಅದ್ಸರಿ, ದಿನಸಿ ದುಡ್ಡು ಯಾರ್ದೇ?" ಅಂತ. ಅದೇ ಒಂದು ಚಾಪ್ಟರ್ ಆಯ್ತು ನೋಡಿ. ಸರ್ಕಾರಿ ಔತಣ ಸರ್ಕಾರದ ಖರ್ಚು, ಆದ್ರೆ ಮನೆಯವರ ಊಟ, ಟೂತ್‌ಪೇಸ್ಟು, ಡ್ರೈಕ್ಲೀನಿಂಗ್ ಎಲ್ಲದಕ್ಕೂ ತಿಂಗಳಾದ್ರೆ ಬಿಲ್ ಬರುತ್ತೆ, ನ್ಯಾನ್ಸಿ ರೇಗನ್ ಮೊದಲ ಬಿಲ್ ನೋಡಿ ಗಾಬರಿಯಾಗಿದ್ರಂತೆ. ಎಕ್ಸಾಮಿನರ್ ಜಾಸ್ತಿ ಪ್ರಶ್ನೆ ಕೇಳಿದ್ದೂ ಈ ಚಾಪ್ಟರ್ ಮೇಲೇ.

ಯಜಮಾನ್ರಿಗೆ ಥ್ಯಾಂಕ್ಸ್, ಮಗುನ ಸ್ಕೂಲಿಗೆ ಬಿಟ್ಟಿದ್ದಕ್ಕೆ, ಪ್ರಿಂಟರ್ ರಿಪೇರಿಗೆ, ಮತ್ತೆ ಬಾಯಿ ಮುಚ್ಕೊಂಡಿದ್ದಕ್ಕೆ. ಮೇರಿಲ್ಯಾಂಡ್‌ನಲ್ಲಿರೋ ಗೆಳತಿಗೂ. 2023ರ ಜೂನ್‌ನಲ್ಲಿ ಮೋದಿಯವರಿಗೆ ಕೊಟ್ಟ ಔತಣದ ಮೆನು ಕಳಿಸಿ "ಸಿರಿಧಾನ್ಯದ ಸಲಾಡ್ ಕಣೇ!" ಅಂತ ರಾತ್ರಿ ಹೊತ್ತಲ್ಲಿ ಎಬ್ಬಿಸಿದ್ಲು ಪುಣ್ಯಾತ್ಗಿತ್ತಿ. ಆ ಔತಣ ಮಾಡ್ಸಿದ ಜಿಲ್ ಬೈಡನ್ ಆಗ ಕಮ್ಯೂನಿಟಿ ಕಾಲೇಜಲ್ಲಿ ಪಾಠನೂ ಮಾಡ್ತಿದ್ರು, ಫಸ್ಟ್ ಲೇಡಿ ಆಗಿದ್ಕೊಂಡೇ ಹೊರಗೆ ಸಂಬಳದ ಕೆಲ್ಸ ಇಟ್ಕೊಂಡವರು ಅವರೇ ಮೊದಲು. ಕೊನೇ ಚಾಪ್ಟರ್ ಅವರದ್ದೇ.

ಭಾನುವಾರ ಮನೇಲಿ ಊಟ, ಬಿಸಿಬೇಳೆಬಾತು, ಹೋಳಿಗೆ. ಸೋಶಿಯಲ್ ಸೆಕ್ರೆಟರಿ ನಮ್ಮತ್ತೇನೇ, ಬರೋರು ಎಷ್ಟು ಜನ ಅಂತ ಅವರಿಗೇ ಫೋನ್ ಮಾಡಿ ಹೇಳ್ಬಿಡಿ.