2 ಅಭಾಗಲಬ್ಧ ಸಂಖ್ಯೆ ಅಲ್ಲ, ನಮ್ಮ ಪ್ರಶ್ನೆಗಳನ್ನು ಸರಿ ಮಾಡಿಕೊಡಿ

ಡೇಟಾ ಪರಿವರ್ತನೆ ವಿಭಾಗ ನೋಡಿಕೊಳ್ಳುವವರಿಗೆ,

ನಮಸ್ಕಾರ.

ವಿಷಯ: ಡಿಟಿಪಿ ಮಾಡಿದ್ದ 1,840 ಪ್ರಶ್ನೆಗಳನ್ನು ಟೆಕ್ಸ್ಟ್ ಫೈಲಿಗೆ ಹಾಕಿಕೊಟ್ಟಿರುವುದರಲ್ಲಿ ಆಗಿರುವ ತಪ್ಪುಗಳು.

ನಾನು ಶಿವಮೊಗ್ಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ಈ ಕೆಲಸ ನಿಮಗೆ ಒಪ್ಪಿಸಿದವನು ನಾನೇ. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಬೇರೆ ಬೇರೆಯವರು ಎತ್ತಿದರು, ಪ್ರತಿ ಸಲ ಮೊದಲಿಂದ ಹೇಳಬೇಕಾಯ್ತು, ಕೊನೆಗೆ "ನೋಡ್ತೀವಿ ಸರ್" ಅಂದರು. ಅದಕ್ಕೇ ಈಗ ಎಲ್ಲ ಬರೆದೇ ಕಳಿಸುತ್ತಿದ್ದೇನೆ. ಉದ್ದ ಆಗಿದೆ, ಆದರೂ ದಯವಿಟ್ಟು ಪೂರ್ತಿ ಓದಿ.

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಮ್ಮ ಪತ್ರಿಕೆಯಲ್ಲಿ ಇದ್ದದ್ದು ಹೀಗೆ: "√2 ಒಂದು ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ." ನಿಮ್ಮ ಫೈಲಿನಲ್ಲಿ ಬಂದದ್ದು ಹೀಗೆ: "2 ಒಂದು ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ." ವರ್ಗಮೂಲದ ಚಿಹ್ನೆಯನ್ನು ಪುಟ ಜೋಡಿಸುವ ಸಾಫ್ಟ್‌ವೇರ್ ಆದ ಪೇಜ್‌ಮೇಕರ್‌ನಲ್ಲಿ ಗೆರೆ ಎಳೆದು ಕೂರಿಸಿದ್ದರು. ಅದು ಅಕ್ಷರ ಅಲ್ಲ, ಚಿತ್ರ. ಅಕ್ಷರ ಮಾತ್ರ ಎತ್ತಿಕೊಂಡಾಗ ಚಿತ್ರ ಅಲ್ಲೇ ಉಳಿಯಿತು. ಹೀಗಾಗುತ್ತದೆ ಅಂತ ಗೊತ್ತಿದ್ದೇ ನಾನು ಎರಡು ಪುಟದ ಸೂಚನೆ ಬರೆದು ಕೊಟ್ಟಿದ್ದೆ: ವರ್ಗಮೂಲ ಎಲ್ಲಿ ಬಂದರೂ "ವರ್ಗಮೂಲ(2)" ಅಂತ ಪದದಲ್ಲೇ ಟೈಪ್ ಮಾಡಿ ಅಂತ. ಆ ಎರಡು ಪುಟವನ್ನು ನಿಮ್ಮಲ್ಲಿ ಯಾರೂ ತೆರೆದು ನೋಡಿದಂತಿಲ್ಲ. ಹತ್ತನೇ ಕ್ಲಾಸಿನ ಮಗು ಈ ಪ್ರಶ್ನೆ ಓದಿ ಏನು ಸಾಧಿಸಬೇಕು ಹೇಳಿ?

ಈ ಕೆಲಸ ಯಾಕೆ ಮಾಡಿಸಿದೆವು ಅಂತ ನಿಮಗೆ ಗೊತ್ತಿರಲಿ. ಅಕ್ಕಪಕ್ಕದ ನಾಲ್ಕು ಶಾಲೆಗಳ ಮೇಷ್ಟ್ರುಗಳು ಸೇರಿ 2008ರಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ ನಾವೇ ಅಭ್ಯಾಸದ ಪತ್ರಿಕೆ ಮಾಡಿ, ಊರಿನ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸುತ್ತಾ ಬಂದಿದ್ದೇವೆ. ಜಾಸ್ತಿ ಪತ್ರಿಕೆಗಳೆಲ್ಲ ನುಡಿ ಫಾಂಟಿನಲ್ಲಿವೆ, ಕೆಲವು ಶ್ರೀಲಿಪಿಯಲ್ಲಿ. ಆ ಕಾಲದ ಫಾಂಟುಗಳ ಹಣೆಬರಹ ನಿಮಗೂ ಗೊತ್ತು. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಜಾಗ, ಮೇಲೆ ಕಾಣುವುದು ಕನ್ನಡದ ಆಕಾರ. ಕಾಗದದ ಮೇಲೆ ಅಚ್ಚಾದರೆ ಏನೂ ತೊಂದರೆ ಇಲ್ಲ. ಫಾಂಟ್ ತೆಗೆದರೆ ಮಾತ್ರ ತಲೆ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಹುಡುಕಲು ಆಗುವುದಿಲ್ಲ, ಮೊಬೈಲಿನಲ್ಲಿ ಕಾಣುವುದಿಲ್ಲ. ಅದನ್ನು ಎಲ್ಲ ಕಂಪ್ಯೂಟರುಗಳೂ ಒಂದೇ ಥರ ಓದುವ ಯೂನಿಕೋಡ್‌ಗೆ ತಂದು, ಒಂದು ಸಾಲಿಗೆ ಒಂದು ಪ್ರಶ್ನೆ, ನಾಲ್ಕು ಆಯ್ಕೆ, ಒಂದು ಉತ್ತರ ಅಂತ ಸಾದಾ ಫೈಲ್ ಮಾಡಿಕೊಡಿ ಅಂತ ಕೇಳಿದ್ದೆವು. ಅಷ್ಟೇ.

ಇನ್ನೊಂದು ಕಾರಣ ನಮ್ಮ ಒಬ್ಬ ವಿದ್ಯಾರ್ಥಿನಿ. ಅವಳಿಗೆ ಕಣ್ಣು ಕಾಣುವುದಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ಪರದೆ ಓದುವ ಸಾಫ್ಟ್‌ವೇರ್ ಎನ್‌ವಿಡಿಎ ಹಾಕಿಕೊಟ್ಟಿದ್ದೇವೆ, ಅದು ಕನ್ನಡವನ್ನು ಓದಿ ಹೇಳುತ್ತದೆ, ಅವಳು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾಳೆ. ಪಾಠದ ಟಿಪ್ಪಣಿ ಎಲ್ಲ ಹಾಗೇ ಓದುತ್ತಾಳೆ. ಅಭ್ಯಾಸದ ಪತ್ರಿಕೆ ಮಾತ್ರ ಯಾರಾದರೂ ಪಕ್ಕ ಕೂತು ಓದಿ ಹೇಳಬೇಕು. ಅದು ತಪ್ಪಲಿ ಅಂತ ನಮ್ಮ ಆಸೆ. ನಿಮ್ಮ ಫೈಲ್ ಬಂದ ದಿನ ಮೊದಲು ಅವಳಿಗೇ ತೆರೆದುಕೊಟ್ಟೆ. ಎರಡು ನಿಮಿಷ ಕೇಳಿ ಹೆಡ್‌ಫೋನ್ ತೆಗೆದಳು. "ಸರ್, ವಷ ಒಂಬತ್ತು ಅಂದ್ರೆ ಏನು?" ಅಂತ ಕೇಳಿದಳು.

ಹೋಗಿ ನೋಡಿದರೆ ಪರದೆ ಮೇಲೆ "ವಷ೯" ಅಂತಿತ್ತು. ಅದು "ವರ್ಷ". ಅರ್ಕಾವತ್ತಿನ ಜಾಗದಲ್ಲಿ ನೀವು ಕನ್ನಡದ ಒಂಬತ್ತನ್ನು ಹಾಕಿದ್ದೀರಿ.

ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ಒಪ್ಪುತ್ತೇನೆ. ನಿಮ್ಮ ಹುಡುಗ ಫೋನಿನಲ್ಲಿ "ನೋಡೋಕೆ ಸರಿಯಾಗೇ ಇದೆಯಲ್ಲ ಸರ್" ಅಂದದ್ದೂ ಅದಕ್ಕೇ ಇರಬೇಕು. ಆದರೆ ಕಂಪ್ಯೂಟರಿಗೆ ಅದು ಅಂಕಿ. "ವರ್ಗಮೂಲ" ಅಂತ ಹುಡುಕಿದರೆ "ವಗ೯ಮೂಲ" ಸಿಗುವುದಿಲ್ಲ. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಂದರೆ ಅಕ್ಷರ ಆದಮೇಲೆ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮ ಬೇಕು: ಮೊದಲು ರ, ಅದರ ನಂತರ ಹಲಂತ (್ ಗುರುತು), ಆಮೇಲೆ ಷ. ಒತ್ತಕ್ಷರದ ಕಥೆಯೂ ಇದೇ. "ಅಲ್ಲಿ" ಇರಬೇಕಾದ ಕಡೆ ನಿಮ್ಮ ಫೈಲಿನಲ್ಲಿ "ಅಲಿ್ಲ" ಅಂತಿದೆ, ಗುಡಿಸು ಮೊದಲು ಬಂದು ಒತ್ತು ಆಮೇಲೆ ಬಿದ್ದಿದೆ. ಇನ್ನು "ಸಂಖ್ಯೆ"ಯ ಸೊನ್ನೆ ಎಷ್ಟೋ ಕಡೆ ನಿಜವಾಗಿಯೂ ಅಂಕಿಯ ಸೊನ್ನೆಯೇ ಆಗಿಬಿಟ್ಟಿದೆ.

ಅಕ್ಷರದ ಬಾಲಕ್ಕೆ ಒಂಬತ್ತು ಅಂಟಿಕೊಂಡಿರುವ ಜಾಗಗಳನ್ನು ಎಣಿಸಿದೆ. 2,316 ಇವೆ. "ಫೈಂಡ್ ರೀಪ್ಲೇಸ್ ಹೊಡೀರಿ ಸರ್, ಐದು ನಿಮಿಷದ ಕೆಲಸ" ಅಂತ ಎರಡನೇ ಸಲ ಫೋನ್ ಎತ್ತಿದವರು ಹೇಳಿದರು. ಐದು ನಿಮಿಷದ ಕೆಲಸ ಆಗಿದ್ದರೆ ನಿಮಗೆ ಯಾಕೆ ಕೊಡುತ್ತಿದ್ದೆ? "ವಷ೯"ದಲ್ಲಿ ಒಂದು ಅಕ್ಷರ ಹಿಂದಕ್ಕೆ ಹೋದರೆ ಸಾಕು. "ಸಾಮಥ್ಯ೯"ದಲ್ಲಿ ಥ್ಯ ಅನ್ನುವ ಇಡೀ ಗುಂಪನ್ನು ದಾಟಿ ಹಿಂದಕ್ಕೆ ಹೋಗಬೇಕು. ಸಾಲದ್ದಕ್ಕೆ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಪ್ರಶ್ನೆ ಸಂಖ್ಯೆಗಳು ಕನ್ನಡ ಅಂಕಿಯಲ್ಲೇ ಇವೆ, ಅಲ್ಲಿ ಒಂಬತ್ತು ಅಂದರೆ ಒಂಬತ್ತೇ. ಸುಮ್ನೆ ಎಲ್ಲವನ್ನೂ ಬದಲಾಯಿಸಿದರೆ ಅದೂ ಕೆಡುತ್ತದೆ.

ಶ್ರೀಲಿಪಿಯಲ್ಲಿದ್ದ ಪತ್ರಿಕೆಗಳಂತೂ ಓದುವ ಸ್ಥಿತಿಯಲ್ಲೇ ಇಲ್ಲ. ಅವುಗಳಿಗೂ ನುಡಿಯ ಕನ್ವರ್ಟರನ್ನೇ ಓಡಿಸಿದ್ದೀರಿ ಅನ್ನಿಸುತ್ತದೆ. ಎರಡರ ಒಳಗಿನ ಸಂಕೇತ ಬೇರೆ ಬೇರೆ, ಒಂದರ ಕೀಲಿ ಇನ್ನೊಂದರ ಬೀಗಕ್ಕೆ ಹತ್ತುವುದಿಲ್ಲ.

ಈಗ ಗಣಿತಕ್ಕೆ ಬರುತ್ತೇನೆ. ನನಗೆ ಜಾಸ್ತಿ ಸಂಕಟ ಆಗಿರುವುದು ಇಲ್ಲೇ. ಅಕ್ಷರ ತಪ್ಪಿದ್ದರೆ ಮಗುವಿಗೆ ತಪ್ಪು ಅಂತ ಗೊತ್ತಾಗುತ್ತದೆ, ಅಂಕಿ ತಪ್ಪಿದ್ದರೆ ಗೊತ್ತೇ ಆಗುವುದಿಲ್ಲ.

ಪತ್ರಿಕೆಯಲ್ಲಿ "2⁵ × 2³ ಇದರ ಬೆಲೆ" ಅಂತಿತ್ತು. ಆಯ್ಕೆಗಳು 2⁸, 2¹⁵, 4⁸, 4¹⁵. ನಿಮ್ಮ ಫೈಲಿನಲ್ಲಿ ಅದು "25 × 23 ಇದರ ಬೆಲೆ" ಆಗಿದೆ. ಆಯ್ಕೆಗಳು 28, 215, 48, 415. ಚೆನ್ನಾಗಿ ಲೆಕ್ಕ ಬರುವ ಮಗು ಇದನ್ನು ಗುಣಿಸುತ್ತದೆ. 575 ಬರುತ್ತದೆ. ಆಯ್ಕೆಯಲ್ಲಿ 575 ಇಲ್ಲ. ಮತ್ತೆ ಗುಣಿಸುತ್ತದೆ, ಮತ್ತೆ 575. ತನಗೇ ಗುಣಾಕಾರ ಬರುವುದಿಲ್ಲ ಅಂದುಕೊಳ್ಳುತ್ತದೆ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ನಾಲ್ಕು ಸಲ ಮಾಡಿ, ಹಾಳೆಯಲ್ಲಿ ನಾಲ್ಕು ಸಲವೂ ಹೊಡೆದುಹಾಕಿ, ಕೊನೆಗೆ 415 ಅಂತ ಬರೆದು ತಂದ. ಆ ಹಾಳೆಯ ಫೋಟೋ ಇದರ ಜೊತೆ ಇಟ್ಟಿದ್ದೇನೆ, ನೋಡಿ. ವಿಜ್ಞಾನದಲ್ಲಿ ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ 3 × 10⁸ ಮೀಟರ್ ಇದ್ದದ್ದು 3 × 108 ಆಗಿದೆ. ಲೆಕ್ಕ ಹಾಕಿ, 324 ಮೀಟರ್. ಗಾಳಿಯಲ್ಲಿ ಶಬ್ದ ಇದಕ್ಕಿಂತ ಬೇಗ ಹೋಗುತ್ತದೆ. ನೀರಿನ ಸೂತ್ರದಲ್ಲಿ ಕೆಳಗಿರಬೇಕಾದ 2 ಸಾಲಿಗೆ ಬಂದಿದೆ, ಅದನ್ನು ಹೇಗೋ ಓದಿಕೊಳ್ಳಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೇಲೆ ಕೂತ ಅಂಕಿ ಕೆಳಗಿಳಿದರೆ ಪ್ರಶ್ನೆಯೇ ಬೇರೆ ಆಗುತ್ತದೆ. 2^5 ಅಂತ ನಡುವೆ ಟೋಪಿ ಗುರುತು ಹಾಕಿ ಅಂತ ಸೂಚನೆಯಲ್ಲಿ ಬರೆದಿದ್ದೆ. ಆ ಗುರುತು ಕೇಳಿಸಿದರೆ ಘಾತ ಅಂತ ತಿಳಿದುಕೋ ಅಂತ ಆ ಹುಡುಗಿಗೂ ಮೊದಲೇ ಹೇಳಿಕೊಟ್ಟಿದ್ದೆ.

ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ ಅಂತಲೂ ಬರೆದಿದ್ದೆ, ದಪ್ಪ ಅಕ್ಷರದಲ್ಲಿ. ಮಾಡಿದ್ದೀರಿ. ಹೇಗೆ ಗೊತ್ತು ಅಂದರೆ, "ಒಂದು ದಾಳವನ್ನು ಎಸೆದಾಗ ಸಮಸಂಖ್ಯೆ ಬರುವ ಸಂಭವನೀಯತೆ" ಅನ್ನುವ ಪ್ರಶ್ನೆಗೆ ಆಯ್ಕೆಗಳು 1/6, 1/3, 1/2, 2/3 ಇದ್ದವು. ಈಗ 01-ಜೂನ್, 01-ಮಾರ್ಚ್, 01-ಫೆಬ್ರವರಿ, 02-ಮಾರ್ಚ್ ಆಗಿವೆ. ಭಿನ್ನರಾಶಿಯನ್ನು ಎಕ್ಸೆಲ್ ತಾರೀಖು ಅಂದುಕೊಂಡಿದೆ. 2:3 ಅನ್ನುವ ಅನುಪಾತ ಎರಡು ಗಂಟೆ ಮೂರು ನಿಮಿಷ ಆಗಿದೆ. ಟ್ಯಾಬ್ ಹಾಕಿ ಬೇರೆ ಮಾಡಿ ಅಂದರೆ ಕಾಮಾ ಹಾಕಿದ್ದೀರಿ. ಒಂದು ಲಕ್ಷವನ್ನು ನಾವು 1,00,000 ಅಂತ ಬರೆಯುತ್ತೇವೆ ಅಲ್ವಾ? ಅದು ಮೂರು ತುಂಡಾಗಿ ಮೂರು ಆಯ್ಕೆಯ ಜಾಗದಲ್ಲಿ ಕೂತಿದೆ. ಅಂಥ ಸಾಲುಗಳಲ್ಲೆಲ್ಲ ಮಿಕ್ಕ ಆಯ್ಕೆಗಳು ಬಲಕ್ಕೆ ಸರಿದು, ಉತ್ತರದ ಕಾಲಮಿನಲ್ಲಿ ಉತ್ತರವೇ ಇಲ್ಲ.

ಎರಡು ಕಾಲಮಿನ ಪುಟಗಳನ್ನು ಅಡ್ಡಡ್ಡ ಓದಿಸಿದ್ದೀರಿ. ಎಡಗಡೆ ಸಂವಿಧಾನದ ಪ್ರಶ್ನೆ, ಬಲಗಡೆ ಅಣೆಕಟ್ಟಿನ ಪ್ರಶ್ನೆ ಇತ್ತು. ಈಗ ಇರುವುದು: "ಭಾರತದ ಸಂವಿಧಾನವು ಜಾರಿಗೆ ತುಂಗಭದ್ರಾ ಅಣೆಕಟ್ಟು ಬಂದ ದಿನ ಇರುವ ಜಿಲ್ಲೆ." ಹೊಂದಿಸಿ ಬರೆಯಿರಿ ಅನ್ನುವ ಪ್ರಶ್ನೆಗಳೂ ಹೀಗೇ. ಛಂದಸ್ಸಿನ ಪ್ರಶ್ನೆಗಳಲ್ಲಿ ಲಘು ಗುರುವಿನ ಗುರುತುಗಳು ಒಂದೂ ಉಳಿದಿಲ್ಲ.

ನಮ್ಮ ಕನ್ನಡ ಮೇಡಂ ತೋರಿಸಿದ ಒಂದು ಪ್ರಶ್ನೆಯನ್ನು ಹೇಳಲೇಬೇಕು. "ಮಳೆಗಾಲದಲ್ಲಿ ಊರೂರು ಸುತ್ತಿ ಮನೆಯನ್ನು ಸೇರಿದನು. ಗೆರೆ ಎಳೆದ ಪದದಲ್ಲಿರುವ ಸಂಧಿ ಯಾವುದು?" ಗೆರೆ ಇದ್ದದ್ದು "ಊರೂರು" ಕೆಳಗೆ, ಉತ್ತರ ಲೋಪಸಂಧಿ. ಸಾದಾ ಟೆಕ್ಸ್ಟಿನಲ್ಲಿ ಗೆರೆ ನಿಲ್ಲುವುದಿಲ್ಲ, ಅದಕ್ಕೇ ಆ ಪದದ ಎರಡೂ ಕಡೆ ನಕ್ಷತ್ರ ಹಾಕಿ ಅಂದಿದ್ದೆವು. ಹಾಕಿಲ್ಲ. ಗೆರೆ ಇಲ್ಲದಿದ್ದರೆ "ಮಳೆಗಾಲ" ಆದೇಶಸಂಧಿ, "ಊರೂರು" ಲೋಪಸಂಧಿ, "ಮನೆಯನ್ನು" ಆಗಮಸಂಧಿ. ಮಗು ಯಾವುದನ್ನು ಬರೆದರೂ ಸರಿಯೇ. ಆದರೆ ಫೈಲಿನ ಉತ್ತರಕ್ಕೆ ಹೋಲಿಸಿ ನೋಡುವ ಯಂತ್ರ ಒಂದಕ್ಕೆ ಮಾತ್ರ ಅಂಕ ಕೊಡುತ್ತದೆ. ಮೇಡಂ ಈ ಪ್ರಶ್ನೆ ಮಾಡಲು ಒಂದು ಸಂಜೆ ಕೂತಿದ್ದರಂತೆ. ಮೂರು ಸಂಧಿಯನ್ನೂ ಒಂದೇ ವಾಕ್ಯದಲ್ಲಿ ತಂದದ್ದು ಬೇಕಂತಲೇ.

ಎಲ್ಲವೂ ಕೆಟ್ಟಿದೆ ಅಂತ ನಾನು ಹೇಳುವುದಿಲ್ಲ. ಒಂದೇ ಕಾಲಮಿನಲ್ಲಿದ್ದ ಇಂಗ್ಲಿಷ್ ಮಾಧ್ಯಮದ ಸಮಾಜ ವಿಜ್ಞಾನದ ಪ್ರಶ್ನೆಗಳು ಸರಿಯಾಗಿ ಬಂದಿವೆ. ಸುಮಾರು 200 ಇರಬಹುದು. ಹೇಳಿದ ದಿನಕ್ಕೆ ಫೈಲ್ ಕಳಿಸಿದ್ದೀರಿ, ಅದನ್ನೂ ಒಪ್ಪುತ್ತೇನೆ. ಆದರೆ ನಿಮ್ಮ ಬಿಲ್ಲಿನಲ್ಲಿ "ಎರಡು ಹಂತದ ಪ್ರೂಫ್ ರೀಡಿಂಗ್ ಸೇರಿ" ಅಂತ ಬರೆದಿದೆ. ಪ್ರಶ್ನೆಗೆ 6 ರೂಪಾಯಿಯಂತೆ 11,040 ರೂಪಾಯಿ. ಅರ್ಧ, ಅಂದರೆ 5,520 ಮುಂಗಡ ಕೊಟ್ಟಾಗಿದೆ. ಆ ದುಡ್ಡು ಸರ್ಕಾರದ್ದಲ್ಲ, ಮೇಷ್ಟ್ರುಗಳೂ ಹಳೇ ವಿದ್ಯಾರ್ಥಿಗಳೂ ನೂರು ಇನ್ನೂರು ಹಾಕಿ ಕೂಡಿಸಿದ್ದು. ಆ ಎರಡು ಹಂತದಲ್ಲಿ ಕನ್ನಡ ಓದಲು ಬರುವವರು ಒಬ್ಬರಾದರೂ ಅಚ್ಚಾದ ಪುಟವನ್ನು ಪಕ್ಕದಲ್ಲಿ ಇಟ್ಟುಕೊಂಡು ಈ ಫೈಲನ್ನು ಓದಿದ್ದಾರಾ? ಇದಕ್ಕೆ ನನಗೆ ನೇರ ಉತ್ತರ ಬೇಕು.

ನಾವು ಕೇಳುವುದು ಇಷ್ಟು. ಕೆಟ್ಟಿರುವ ಪ್ರಶ್ನೆಗಳನ್ನು ಮತ್ತೆ ಮಾಡಿಕೊಡಿ, ಹೊಸ ದುಡ್ಡು ಕೇಳದೆ. ಕನ್ವರ್ಟರ್ ಓಡಿಸುವ ಮೊದಲು ಯಾವ ಪತ್ರಿಕೆ ಯಾವ ಫಾಂಟಿನಲ್ಲಿದೆ ಅಂತ ನೋಡಿ. ಗಣಿತ, ವಿಜ್ಞಾನದ ಪ್ರಶ್ನೆಗಳನ್ನು ಯಂತ್ರಕ್ಕೆ ಬಿಡಬೇಡಿ, ಕೂತು ಕೈಯಲ್ಲೇ ಟೈಪ್ ಮಾಡಿಸಿ. ಚಿತ್ರ ಇರುವ ಪ್ರಶ್ನೆಗಳನ್ನು ಬೇರೆ ಪಟ್ಟಿ ಮಾಡಿ ಕೊಟ್ಟರೆ ಸಾಕು, ಚಿತ್ರದಲ್ಲಿ ಏನಿದೆ ಅಂತ ನಾವೇ ಬರೆಯುತ್ತೇವೆ. ಎಲ್ಲ ಮುಗಿಸುವ ಮೊದಲು 50 ಪ್ರಶ್ನೆ ಕಳಿಸಿ. ಆ ಐವತ್ತು ಯಾವುವು ಅಂತ ನಾನು ಆರಿಸಿ ಇದರ ಜೊತೆ ಪಟ್ಟಿ ಇಟ್ಟಿದ್ದೇನೆ. ಅವು ಸರಿ ಇದ್ದರೆ ಮುಂದಿನದು ಮಾಡಿ. ಪೂರ್ವಸಿದ್ಧತಾ ಪರೀಕ್ಷೆಗೆ ಮೊದಲು ಮಕ್ಕಳ ಕೈಗೆ ಸಿಗಬೇಕು, ಹಾಗಾಗಿ ಜನವರಿ 10 ಕೊನೇ ದಿನ. ಆಗುವುದಿಲ್ಲ ಅಂತಾದರೆ ಈಗಲೇ ಹೇಳಿಬಿಡಿ, ಮುಂಗಡ ವಾಪಸ್ ಕೊಡಿ, ನಾವು ರಜೆಯಲ್ಲಿ ಕೂತು ಟೈಪ್ ಮಾಡಿಕೊಳ್ಳುತ್ತೇವೆ. ಉಳಿದ 5,520 ರೂಪಾಯಿಯನ್ನು ಈ ಫೈಲಿಗೆ ಕೊಡಲು ಆಗುವುದಿಲ್ಲ. ಇದೇ ಫೈಲನ್ನು ಬೇರೆ ಶಾಲೆಗೋ ಆ್ಯಪಿನವರಿಗೋ ದಯವಿಟ್ಟು ಕೊಡಬೇಡಿ.

ಇನ್ನೊಂದು, ಪೆನ್‌ಡ್ರೈವ್. ಅದರಲ್ಲಿ 2008ರಿಂದ 2011ರವರೆಗಿನ ಪೇಜ್‌ಮೇಕರ್ ಫೈಲುಗಳ ಒಂದೇ ಒಂದು ಪ್ರತಿ ಇದೆ. ಪ್ರೆಸ್ಸಿನವರ ಹಳೇ ಕಂಪ್ಯೂಟರ್ ಕೆಟ್ಟುಹೋಗಿದೆ, ಬೇರೆ ಎಲ್ಲೂ ಇಲ್ಲ. ಕೆಲಸ ಮಾಡಿಕೊಟ್ಟರೂ ಬಿಟ್ಟರೂ ಅದನ್ನು ಈ ವಾರವೇ ಸ್ಪೀಡ್ ಪೋಸ್ಟಿನಲ್ಲಿ ವಾಪಸ್ ಕಳಿಸಿ, ನೀವು ಒಂದು ಕಾಪಿ ಇಟ್ಟುಕೊಳ್ಳಿ. ಫೋನ್ ಮಾಡುವುದಾದರೆ ಸಂಜೆ 4.30 ಆದಮೇಲೆ ಮಾಡಿ, ಅಲ್ಲಿಯವರೆಗೆ ಕ್ಲಾಸಿನಲ್ಲಿ ಇರುತ್ತೇನೆ.

ಇಂತಿ,
ನಾಲ್ಕು ಶಾಲೆಗಳ ಶಿಕ್ಷಕರ ಪರವಾಗಿ,
ಗಣಿತ ಶಿಕ್ಷಕ